ಭೀಮರಾಯರ ಅವ್ವನ ತಿಥಿ

ಕಳೆದ ವರ್ಷ ದೀಪಾವಳಿಗೆ ಇನ್ನೂ ಒಂದು ವಾರ ಇರುವಾಗ ಶಾಮಕಾಕಾರ ಹೆಸರಿಗೆ ಒಂದು ಇ-ಮೇಲ್ ಬಂತು. ಕಾಕಾ ತೀರಿಕೊಂಡು ಆಗ ಆರು ತಿಂಗಳಾಗಿತ್ತು. ಅವರ ಇ-ಮೇಲ್ ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಶಾಮಕಾಕಾ ನಮ್ಮ ಸಂಬಂಧಿಕರಲ್ಲ. ಪುಣೆಯಲ್ಲಿ ನಮ್ಮ ಸೊಸೈಟಿಯ ಕೆಳಗಿನ ಮನೆಯವರು, ನಮ್ಮ ಹಾಗೆಯೇ ಧಾರವಾಡದ ಕಡೆಯವರು. ನಿವೃತ್ತರಾದ ಮೇಲೆ ಪುಸ್ತಕ ಓದಿ ಕಂಪ್ಯೂಟರ್ ಕಲಿತು ಒಂದು ವೆಬ್‌ಸೈಟ್ ಮಾಡಿದ್ದರು. ಮನೆಯ ಹಿರಿಯರು ತೀರಿಕೊಂಡ ದಿನವನ್ನು ಅದರಲ್ಲಿ ಬರೆದಿಟ್ಟರೆ ಸಾಕು, ಶ್ರಾದ್ಧದ ತಿಥಿ ಪ್ರತಿ ವರ್ಷ ಯಾವ ತಾರೀಖಿಗೆ ಬೀಳುತ್ತದೆ ಎಂದು ಲೆಕ್ಕ ಹಾಕಿ ಹತ್ತು ದಿನ ಮೊದಲೇ ಮನೆಯವರ ಮೊಬೈಲಿಗೆ ಸಂದೇಶ ಕಳಿಸುತ್ತಿತ್ತು. ಪುಣೆಯ ಅರವತ್ತನಾಲ್ಕು ಕನ್ನಡ ಮನೆಗಳು ಅದನ್ನು ನಂಬಿದ್ದವು. ಆಸ್ಪತ್ರೆಗೆ ಹೋಗುವ ಮುಂಚೆ ಕಾಕಾ ಪಾಸ್‌ವರ್ಡನ್ನು ನನ್ನ ಕೈಗೆ ಕೊಟ್ಟು, "ನೀ ದಿನಾ ಡೈರಿ ಬರೀತಿ, ಹಾಲಿನ ಲೆಕ್ಕಾನೂ ಬಿಡೂದಿಲ್ಲ. ಇದನ್ನ ನೀನ ನೋಡ್ಕೋ" ಎಂದಿದ್ದರು. ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ರಿಪೋರ್ಟ್ ಕೊಡುವ ಕೌಂಟರಿನಲ್ಲಿ ಕೂರುವವಳು ನಾನು. ಆದರೂ ಬೇಡ ಎನ್ನಲು ಬಾಯಿ ಬರಲಿಲ್ಲ.

ಇ-ಮೇಲ್ ಬಂದದ್ದು ವೆಬ್‌ಸೈಟಿಗೆ ಜಾಗ ಕೊಟ್ಟ ಹೋಸ್ಟಿಂಗ್ ಕಂಪನಿಯಿಂದ. ನಿಮ್ಮ ಸೈಟ್ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯ ಬಹಳ ಹಳೆಯ ಆವೃತ್ತಿಯಲ್ಲಿ ನಡೆಯುತ್ತಿದೆ, ಈ ತಿಂಗಳ ಕೊನೆಗೆ ಅದನ್ನು ನಮ್ಮ ಸರ್ವರ್‌ಗಳಿಂದ ತೆಗೆದುಹಾಕುತ್ತೇವೆ, ಅಷ್ಟರೊಳಗೆ ಹೊಸದಕ್ಕೆ ಬದಲಾಯಿಸಿಕೊಳ್ಳದಿದ್ದರೆ ಸೈಟ್ ನಿಂತುಹೋಗಬಹುದು ಎಂದಿತ್ತು. ಹಿಂದಿನ ಮೂರು ಇ-ಮೇಲ್‌ಗಳೂ ಇದನ್ನೇ ಹೇಳಿದ್ದವು. ಅವು ಕಾಕಾ ಆಸ್ಪತ್ರೆಯಲ್ಲಿದ್ದಾಗ ಬಂದವು, ಯಾರೂ ತೆರೆದಿರಲಿಲ್ಲ.

ಹೆದರುತ್ತಲೇ ಹೊಸ ಆವೃತ್ತಿ ಆಯ್ಕೆ ಮಾಡುವ ಗುಂಡಿ ಒತ್ತಿದೆ. ಸೈಟ್ ಪೂರ್ತಿ ಬಿಳಿಯಾಯಿತು, ಒಂದು ಅಕ್ಷರವೂ ಇಲ್ಲ. ಅರವತ್ತನಾಲ್ಕು ಮನೆಗಳ ತಿಥಿಗಳೂ ಹೋದವು ಎಂದುಕೊಂಡೆ. ಕಂಪನಿಯ ಸಹಾಯ ಕೇಂದ್ರಕ್ಕೆ ಬರೆದೆ. ಕೆಲವು ಹಳೆಯ ಆಜ್ಞೆಗಳು ಹೊಸ ಆವೃತ್ತಿಯಲ್ಲಿ ಇಲ್ಲ, ಅವುಗಳ ಬದಲಿಗೆ ಇವನ್ನು ಹಾಕಿ ಎಂದು ಅವರು ಒಂದೊಂದಾಗಿ ಹೇಳಿಕೊಟ್ಟರು. ನಾಲ್ಕು ದಿನ ಕೂತು ಹಾಕಿದೆ. ಸೈಟಿನಲ್ಲಿ ಇದ್ದದ್ದು ಹತ್ತೊಂಬತ್ತು ಪುಟ. ಒಂದೊಂದನ್ನೂ ತೆರೆದು ಡೈರಿಯಲ್ಲಿ ಟಿಕ್ ಹಾಕುತ್ತ ಹೋದೆ. ಹತ್ತೊಂಬತ್ತೂ ತೆರೆದವು. ಕಾಕೂಗೆ, ಎಂದರೆ ಕಾಕಾರ ಹೆಂಡತಿಗೆ, ಹೋಗಿ ಹೇಳಿದೆ. ಅವರು ನನ್ನ ಕೈಮೇಲೆ ಸಕ್ಕರೆ ಹಾಕಿದರು.

ದೀಪಾವಳಿಯಾದ ಮೇಲೆ ಒಂದು ದಿನ ಭೀಮರಾಯರ ಫೋನ್ ಬಂತು. ಅವರು ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ವ್ಯಾಪಾರಿಯ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಅವರ ತಾಯಿಯ ಮೊದಲ ವರ್ಷದ ಶ್ರಾದ್ಧ ಕಾರ್ತಿಕ ಬಹುಳ ಸಪ್ತಮಿಗೆ. ನಮ್ಮ ಸಂದೇಶದಲ್ಲಿ ಗುರುವಾರ ಎಂದಿತ್ತು, ಅವರ ಮನೆಯ ಗೋಡೆಯ ಕ್ಯಾಲೆಂಡರ್ ಶುಕ್ರವಾರ ಸಪ್ತಮಿ ಎನ್ನುತ್ತಿತ್ತು.

ಇಂಥ ಪ್ರಶ್ನೆ ಕಾಕಾಗೂ ಬರುತ್ತಿತ್ತು. ಅವರ ಉತ್ತರ ನನಗೆ ಬಾಯಿಪಾಠ. ಕ್ಯಾಲೆಂಡರ್ ಹೇಳುವುದು ಸೂರ್ಯೋದಯದ ತಿಥಿ, ಶ್ರಾದ್ಧಕ್ಕೆ ಬೇಕಾದದ್ದು ಮಧ್ಯಾಹ್ನದ ತಿಥಿ, ಹೀಗಾಗಿ ಒಮ್ಮೊಮ್ಮೆ ಒಂದು ದಿನ ಹಿಂದೆ ಬರುತ್ತದೆ. ಭೀಮರಾಯರಿಗೂ ಅದನ್ನೇ ಹೇಳಿದೆ.

"ಆತ್ರಿ, ಶಾಮಣ್ಣಾವರ ಲೆಕ್ಕ ಅಂದ್ರ ಮುಗೀತು" ಎಂದರು. ಫೋನ್ ಇಡಲಿಲ್ಲ. "ಹೋದ ವರ್ಷ ಅವ್ವ ಹೋಗೂ ಹೊತ್ತಿನ್ಯಾಗ ನಾ ಅಂಗಡ್ಯಾಗ ಲಾರಿ ಖಾಲಿ ಮಾಡಸ್ಲಿಕತ್ತಿದ್ದೆ. ಮನಿ ಮುಟ್ಟೂದ್ರಾಗ ಎಲ್ಲಾ ಮುಗಿದಿತ್ತು. ಇದೊಂದ ದಿನರ ತಪ್ಪಬಾರದ್ರಿ, ಅದಕ್ಕ ಕೇಳ್ದೆ" ಎಂದರು.

ತಪ್ಪುವುದಿಲ್ಲ ಎಂದೆ ನಾನು.

ಆ ಗುರುವಾರ ನನಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಕರಿಬೇವು ಕೊಡಲು ಕಾಕೂ ಮನೆಗೆ ಹೋದವಳು, ಇವತ್ತು ಭೀಮರಾಯರ ಅವ್ವನ ಶ್ರಾದ್ಧ, ಅವರಿಗೆ ಕಾಕಾರ ಉತ್ತರವನ್ನೇ ಕೊಟ್ಟೆ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ. ಕಾಕೂ ಒಗ್ಗರಣೆ ಹಾಕುತ್ತಿದ್ದರು. "ಷಷ್ಠಿ ಎಷ್ಟೊತ್ತಿಗೆ ಮುಗೀತದ ನೋಡಿದ್ಯೇನು?" ಎಂದರು. ನೋಡಿರಲಿಲ್ಲ. "ಅವರು ಅದನ್ನ ನೋಡೇ ಹೇಳ್ತಿದ್ರವಾ. ಸಣ್ಣ ಅಕ್ಷರದಾಗ ಬರದಿರ್ತದ."

ಅಡುಗೆಮನೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಬಗ್ಗಿ ನೋಡಿದೆ. ಗುರುವಾರದ ಚೌಕದಲ್ಲಿ ಷಷ್ಠಿ ಸಂಜೆ ಐದು ನಲವತ್ತರವರೆಗೆ ಎಂದಿತ್ತು. ಅಂದರೆ ಮಧ್ಯಾಹ್ನವಿಡೀ ಷಷ್ಠಿಯೇ. ಸಪ್ತಮಿ ಶುರುವಾಗುವುದೇ ಸಂಜೆ. ಕಾಕಾರ ಲೆಕ್ಕದ ಪ್ರಕಾರವೂ ಶ್ರಾದ್ಧ ಶುಕ್ರವಾರವೇ ಆಗಬೇಕು.

ಅಲ್ಲಿಂದಲೇ ಫೋನ್ ಹಚ್ಚಿದೆ. ಭೀಮರಾಯರ ಫೋನ್ ಬಂದ್ ಆಗಿತ್ತು. ಶ್ರಾದ್ಧ ಮಾಡಿಸುವ ಆಚಾರ್ಯರು ಮಡಿಯಲ್ಲಿರುವಾಗ ಫೋನ್ ಮುಟ್ಟುವುದಿಲ್ಲ. ಭೀಮರಾಯರ ಮನೆ ಮಾರ್ಕೆಟ್ ಯಾರ್ಡಿನ ಹಿಂದೆ ಎಂದು ಗೊತ್ತಿತ್ತು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ.

ಸ್ವಾರಗೇಟ್ ಹತ್ತಿರ ರಿಕ್ಷಾ ಸಿಕ್ಕಿಹಾಕಿಕೊಂಡಿತು. ಬೇಗ, ಬೇಗ ಎಂದು ನಾನು ಮರಾಠಿಯಲ್ಲಿ ಹೇಳುವುದನ್ನು ಕೇಳಿ ಕೇಳಿ ರಿಕ್ಷಾದವನು, ಯಾರಿಗಾದರೂ ಸೀರಿಯಸ್ ಆಗಿದೆಯೇ ಎಂದು ಕೇಳಿದ. ಒಬ್ಬರು ತೀರಿಕೊಂಡಿದ್ದಾರೆ ಎಂದೆ. ಅಯ್ಯೋ ಪಾಪ, ಯಾವಾಗ ಎಂದ. ಹೋದ ವರ್ಷ ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನು ಎರಡು ಸಲ ನೋಡಿದ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ: ಪಿಂಡ ಇಟ್ಟುಬಿಟ್ಟಿದ್ದರೆ?

ಅವರ ಮನೆ ಮುಟ್ಟಿದಾಗ ಬಾಗಿಲು ತೆರೆದಿತ್ತು. ಒಳಗಿಂದ ವಡೆ ಕರಿಯುವ ವಾಸನೆ. ಭೀಮರಾಯರು ಒದ್ದೆ ಪಂಚೆಯಲ್ಲಿ ಕೂತಿದ್ದರು, ಪಕ್ಕದಲ್ಲಿ ಇಂದಾಪುರದಿಂದ ಬಂದ ತಮ್ಮ ವೆಂಕಣ್ಣ. ಆಚಾರ್ಯರು ದರ್ಭೆ ಬಿಡಿಸುತ್ತಿದ್ದರು. ಇನ್ನೂ ಶುರುವಾಗಿರಲಿಲ್ಲ. ನಾನು ಹೊಸ್ತಿಲ ಹೊರಗೇ ನಿಂತು, ತಿಥಿ ತಪ್ಪಾಗಿದೆ, ಇವತ್ತಲ್ಲ, ನಾಳೆ ಎಂದೆ.

ಒಳಗಿನಿಂದ ಭೀಮರಾಯರ ಹೆಂಡತಿ ಜಾಲರಿ ಸೌಟು ಹಿಡಿದುಕೊಂಡೇ ಹೊರಬಂದರು. ಮೊದಲು ಬಾಯಿ ಬಿಟ್ಟವರು ವೆಂಕಣ್ಣ.

"ಭಾಳ ಚಲೋ ಆತ್ರಿ ತಂಗೀ. ನಾಳೆ ಮುಂಜಾನೆ ನನ್ನ ಹೊಲಕ್ಕ ಕಬ್ಬು ಕಡಿಯೋ ಟೋಳಿ ಬರ್ತದ. ಅವರಿಗೂ ನಾಡಿದ್ದ ಬರ್ರಿ ಅಂತ ನಿಮ್ಮ ಕಂಪ್ಯೂಟರಿನಿಂದನ ಒಂದು ಮೆಸೇಜ್ ಹಾಕಿಬಿಡ್ರಿ."

ಆಚಾರ್ಯರು ಚೀಲದಿಂದ ಪಂಚಾಂಗ ತೆಗೆದು ಬೆರಳಿಟ್ಟು ಓದಿದರು, ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. "ಹುಡುಗಿ ಹೇಳೂದು ಖರೇ ಅದ" ಎಂದರು. "ಶಾಮಣ್ಣಗ ಈ ಲೆಕ್ಕ ಕಲಿಸಿದಾಂವ ನಾನ. ಎಂದೂ ತಪ್ಪಿದ್ದಿಲ್ಲ. ಅದಕ್ಕ ನಾನೂ ತೆಗೆದು ನೋಡ್ಲಿಲ್ಲ."

ಎಲ್ಲರೂ ಭೀಮರಾಯರನ್ನು ನೋಡಿದರು. ಅವರು ಗೋಡೆಯ ಮೇಲಿನ ತಾಯಿಯ ಫೋಟೋ ನೋಡುತ್ತಿದ್ದರು. ಬೈದರೆ ಬೈಸಿಕೊಂಡು ಹೋಗೋಣ ಎಂದುಕೊಂಡೆ. ಅವರು ಎದ್ದು ತಮ್ಮನ ಭುಜ ಮುಟ್ಟಿ, "ವೆಂಕ್ಯಾ, ನೀ ಹೋಗೂದಿದ್ರ ಹೋಗು. ನಾ ನಾಳೆ ಮಾಡ್ತೀನಿ. ಒಮ್ಮೆ ತಡಾ ಆಗಿ ಬಂದೀನಿ, ಈಗ ಅವಸರ ಮಾಡೂದಿಲ್ಲ" ಎಂದರು. ವೆಂಕಣ್ಣ ಗೊಣಗುತ್ತ ಫೋನ್ ತೆಗೆದುಕೊಂಡು ಹೊರಗೆ ಹೋದರು. ಮೆಟ್ಟಿಲ ಮೇಲೆ ನಿಂತು ಟೋಳಿಯ ಮುಖ್ಯಸ್ಥನಿಗೆ ಮರಾಠಿಯಲ್ಲಿ ಒಂದು ದಿನ ತಡೀ ಎಂದು ಹೇಳುವುದು ಕೇಳಿಸಿತು.

ಲ್ಯಾಬಿಗೆ ರಜೆ ಹೇಳಿ ಮನೆಗೆ ಬಂದು ಸಹಾಯ ಕೇಂದ್ರಕ್ಕೆ ಬರೆದೆ. ಆಗ ಕಾರಣ ತಿಳಿಯಿತು. ಪ್ರತಿ ಆವೃತ್ತಿಗೂ ಅದರದೇ ಸೆಟ್ಟಿಂಗ್ ಇರುತ್ತದಂತೆ. ಹಳೆಯದರಲ್ಲಿ ಕಾಕಾ ಎಂದೋ ಭಾರತದ ಗಡಿಯಾರ ಇಟ್ಟಿದ್ದರು. ಹೊಸದಕ್ಕೆ ಹೋದಾಗ ಅದು ಜೊತೆಗೆ ಹೋಗಲಿಲ್ಲ, ಸೈಟ್ ಗ್ರೀನ್‌ವಿಚ್ ವೇಳೆಗೆ ನಡೆಯತೊಡಗಿತ್ತು. ನಮಗೆ ಸಂಜೆ ಏಳಾದಾಗ ಅದಕ್ಕೆ ಮಧ್ಯಾಹ್ನ ಒಂದೂವರೆ. ಹಾಗಾಗಿ ಸಂಜೆ ಹುಟ್ಟುವ ಸಪ್ತಮಿಯನ್ನು ಅದು ಮಧ್ಯಾಹ್ನದ್ದೆಂದು ಲೆಕ್ಕ ಹಿಡಿದಿತ್ತು. ಸರಿ ಮಾಡಲು ಬೇಕಾದದ್ದು ಒಂದೇ ಸಾಲು.

ಆಮೇಲೆ ಪಂಚಾಂಗ ಹಿಡಿದು, ಬದಲಾವಣೆಯ ನಂತರ ಹೋದ ಎಲ್ಲ ಸಂದೇಶಗಳನ್ನೂ ತಾಳೆ ನೋಡಿದೆ. ಒಟ್ಟು ಏಳು. ಆರು ಸರಿಯಿದ್ದವು, ತಪ್ಪಿದ್ದು ಇದೊಂದೇ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಪೂರ್ತಿ ಬಿಳಿಯಾಗಿದ್ದಾಗ ನಾನು ಅಷ್ಟು ಹೆದರಿದ್ದೆ. ಆದರೆ ನಿಜವಾಗಿ ಹೆದರಬೇಕಾದದ್ದು ಹತ್ತೊಂಬತ್ತು ಪುಟಗಳೂ ಚೆಂದವಾಗಿ ತೆರೆದುಕೊಂಡ ದಿನವಾಗಿತ್ತು. ತೆರೆಯುತ್ತದೆಯೇ ಎಂದು ನೋಡಿದ್ದೆ. ಹೇಳುವುದು ನಿಜವೇ ಎಂದು ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಸಂಜೆ ಕೌಂಟರಿನಲ್ಲಿ ಸಾಲು ಇರುವಾಗಲೇ ಭೀಮರಾಯರ ಫೋನ್ ಬಂತು. ಹಿಂದಿನಿಂದ ಲಾರಿಗಳ ಹಾರ್ನ್ ಕೇಳುತ್ತಿತ್ತು, ಅಂಗಡಿಗೆ ವಾಪಸ್ ಹೋಗಿದ್ದರು. ನಾನು ಮತ್ತೆ ಕ್ಷಮೆ ಕೇಳಲು ಹೊರಟೆ. ಅವರು ಕೇಳಿಸಿಕೊಳ್ಳಲಿಲ್ಲ.

"ಎಲ್ಲಾ ಆತ್ರಿ. ಈ ಸರ್ತಿ ಹೊತ್ತಿಗೆ ಮುಟ್ಟಿದೆ" ಎಂದರು, ಅಷ್ಟೇ.

ಸೈಟನ್ನು ಈಗಲೂ ನಾನೇ ನೋಡಿಕೊಳ್ಳುತ್ತೇನೆ. ಪ್ರತಿ ಸಂದೇಶ ಹೋಗುವ ಮುಂಚೆ ಕಾಕೂರ ಅಡುಗೆಮನೆಗೆ ಹೋಗಿ, ಕ್ಯಾಲೆಂಡರಿನ ಮುಂದೆ ಬಗ್ಗಿ ಸಣ್ಣ ಅಕ್ಷರ ಓದಿ ಬರುತ್ತೇನೆ. ಕಾಕೂ ಒಲೆ ಕಡೆಯಿಂದ ತಿರುಗದೆಯೇ, "ಎಷ್ಟೊತ್ತಿಗೆ ಮುಗೀತದ?" ಎಂದು ಕೇಳುತ್ತಾರೆ. ನಾನು ಹೇಳುವವರೆಗೂ ಅವರ ಸೌಟು ನಿಂತಿರುತ್ತದೆ.