ಯೇಸುವಿನ ಸಿನಿಮಾಕ್ಕೆ ಆರತಿ ಎತ್ತಿದವನು

ಮೈದಾ ಹಿಟ್ಟಿನ ಅಂಟಿಗೆ ಮೈಲುತುತ್ತ ಹಾಕಿ ಕುದಿಸಿದರೆ ಒಂದು ಥರ ವಾಸನೆ ಬರುತ್ತದೆ. ಹೋದ ಭಾನುವಾರ ಆರಾಧನೆ ಮುಗಿಸಿ ಹೊರಬಂದಾಗ ಚರ್ಚಿನ ಹಿಂದಿನ ಒಲೆಯಿಂದ ಅದೇ ವಾಸನೆ ಬಂತು. ಹೊಸದಾಗಿ ಬರಲಿರುವ ಯೇಸುವಿನ ಸಿನಿಮಾದ ಪೋಸ್ಟರುಗಳನ್ನು ಕಾಂಪೌಂಡಿಗೆ ಅಂಟಿಸಲು ಕಾವಲುಗಾರ ಅಂಟು ಕಾಯಿಸುತ್ತಿದ್ದ. ಹತ್ತೂವರೆಗೆ ಮನೆ ಸೇರಿ ಮಾತ್ರೆ ನುಂಗುವುದು ನನ್ನ ಪದ್ಧತಿ. ಆ ದಿನ ಹನ್ನೊಂದಾದರೂ ಅಲ್ಲೇ ನಿಂತಿದ್ದೆ.

ನೆನಪಾದವನು ಬಸ್ ನಿಲ್ದಾಣದ ಹಿಂದಿದ್ದ ಟಾಕೀಸಿನ ಪೋಸ್ಟರಣ್ಣ. ಚಳ್ಳಕೆರೆಯಲ್ಲಿ ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು. ದೊಡ್ಡಉಳ್ಳಾರ್ತಿ ಕಡೆಯ ಕುರಿ ಸಾಕುವ ಮನೆಯವನು. ಬೆಳಿಗ್ಗೆ ಸೈಕಲ್ಲಿಗೆ ಬಕೆಟ್ ಕಟ್ಟಿಕೊಂಡು ಊರೆಲ್ಲ ಪೋಸ್ಟರ್ ಅಂಟಿಸುತ್ತಿದ್ದ, ಸಂಜೆ ಟಾಕೀಸಿನ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದ.

ಇಪ್ಪತ್ತು ವರ್ಷದ ಹಿಂದಿನ ಮಾತು. ನಾನಾಗ ಹೈಸ್ಕೂಲಿನಲ್ಲಿ ಮೇಷ್ಟ್ರು, ನಮ್ಮ ಚರ್ಚಿನ ಸಭೆಯ ಕಾರ್ಯದರ್ಶಿ. ಮಿಷನ್ ಹಾಸ್ಟೆಲಿನಲ್ಲಿ ಬೆಳೆದವನು. ಐದಕ್ಕೆ ಗಂಟೆ, ಐದೂಕಾಲಿಗೆ ಪ್ರಾರ್ಥನೆ, ಹಾಸಿಗೆ ನೆಟ್ಟಗೆ ಮಡಿಸದವನಿಗೆ ತಿಂಡಿಯಿಲ್ಲ. ಆ ಶಿಸ್ತನ್ನೇ ಸಭೆಗೂ ತಂದಿದ್ದೆ.

ಶುಭ ಶುಕ್ರವಾರಕ್ಕೆ ಎರಡು ವಾರ ಇರುವಾಗ ಸಿನಿಮಾ ಕಂಪನಿಯ ಪ್ರತಿನಿಧಿಯೊಬ್ಬ ಬೆಂಗಳೂರಿನಿಂದ ನಮ್ಮ ಪಾಸ್ಟರನ್ನು ಹುಡುಕಿಕೊಂಡು ಬಂದ. ಹೊರದೇಶದಲ್ಲಿ ತೆಗೆದ ಯೇಸುವಿನ ಸಿನಿಮಾ ತೆಲುಗಿಗೆ ಡಬ್ ಆಗಿ ಬರುತ್ತಿತ್ತು. “ಸಿನಿಮಾ ಅಂತ ತಿಳೀಬೇಡಿ ಸಾರ್, ಚರ್ಚಿನ ಎರಡು ಗಂಟೆಯ ಬೋಧನೆ ಅಂತ ತಿಳ್ಕೊಳ್ಳಿ” ಎಂದ. ಆರಾಧನೆಯಲ್ಲಿ ಪ್ರಕಟಣೆ ಮಾಡಿದರೆ ಸಭೆಯವರಿಗೆ ರಿಯಾಯಿತಿ. ಮೊದಲ ಮೂರು ದಿನ ಟಾಕೀಸು ತುಂಬಿದರೆ ಸಿನಿಮಾ ಮುಂದುವರಿಯುತ್ತದೆ, ಇಲ್ಲದಿದ್ದರೆ ರೀಲು ಬೇರೆ ಊರಿಗೆ.

ಟಾಕೀಸಿನ ಮಾಲೀಕರೂ ಅದನ್ನೇ ಕಾಯುತ್ತಿದ್ದರು. ಇದು ಓಡದಿದ್ದರೆ ಟಾಕೀಸನ್ನು ಕಲ್ಯಾಣ ಮಂಟಪ ಮಾಡುವುದೆಂದು ಹೇಳಿಬಿಟ್ಟಿದ್ದರು. ನಮ್ಮ ಕಾಂಪೌಂಡಿಗೆ ಪೋಸ್ಟರ್ ಅಂಟಿಸುತ್ತ ಪೋಸ್ಟರಣ್ಣ ನನಗೆ ಹೇಳಿದ:

“ಇದೊಂದು ತುಂಬಿಸ್ಕೊಡ್ರಿ ಮೇಷ್ಟ್ರೇ. ಇಲ್ದಿದ್ರೆ ಈ ಬಕೀಟ್‌ನಾಗೆ ಎಮ್ಮೆಗೆ ಕಲಗಚ್ಚು ಇಡಬೇಕಾಗ್ತೈತೆ.”

“ನಿನಗೆಲ್ಲಿದೆಯೋ ಎಮ್ಮೆ?”

“ಅದೂ ಇಲ್ಲ ನೋಡ್ರಿ ಮತ್ತೆ!”

ಆ ವಾರ ಅವನು ಬಸ್ಸಿನಲ್ಲಿ ಮೊಳಕಾಲ್ಮೂರಿಗೂ ದೇವಸಮುದ್ರಕ್ಕೂ ಹೋಗಿ ಅಂಟಿಸಿ ಬಂದ. ಅಲ್ಲಿ ತೆಲುಗು ಮಾತಾಡುವವರು ಜಾಸ್ತಿ. ಬಸ್ ನಿಲ್ದಾಣದಲ್ಲಿ ನಿಂತು “ದೇವುಡಿ ಸಿನಿಮಾ, ಅಂದರೂ ರಾವಾಲ”, ದೇವರ ಸಿನಿಮಾ, ಎಲ್ಲರೂ ಬರಬೇಕು, ಎಂದು ಅವರ ಮಾತಿನಲ್ಲೇ ಕರೆದನಂತೆ.

ಮೊದಲ ದಿನ ನಾನು ಸಭೆಯವರನ್ನು ಸಾಲಿನಲ್ಲಿ ಕರೆದುಕೊಂಡು ಕಾಲು ಗಂಟೆ ಮುಂಚೆಯೇ ಹೋದೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಹಳ್ಳಿಗಳಿಂದ ಬಂದವರೆಲ್ಲ ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದರು. ಪೋಸ್ಟರಣ್ಣ ಒಂದು ಪೋಸ್ಟರಿನಿಂದ ಯೇಸುವಿನ ಮುಖ ಕತ್ತರಿಸಿ, ಕಟ್ಟು ಹಾಕಿಸಿ, ಚೆಂಡುಹೂವಿನ ಹಾರ ಹಾಕಿ ಒಂದು ಮೇಜಿನ ಮೇಲೆ ಇಟ್ಟಿದ್ದ. ಸಿನಿಮಾದಲ್ಲಿ ಶಿಲುಬೆ ಎದ್ದು ನಿಂತಾಗ ಅವನು ಪರದೆಯ ಮುಂದೆ ಹೋಗಿ ತೆಂಗಿನಕಾಯಿ ಒಡೆದು ಕರ್ಪೂರದಾರತಿ ಎತ್ತಿದ. ಹಳ್ಳಿಯವರೆಲ್ಲ ಎದ್ದು ಕೈ ಮುಗಿದರು. ನಮ್ಮವರು ಕುರ್ಚಿಯಲ್ಲಿ ಸೆಟೆದು ಕೂತರು. ನಮ್ಮ ಚರ್ಚಿನಲ್ಲಿ ಒಂದು ಚಿತ್ರಪಟವೂ ಇಲ್ಲ, ಬರೀ ಮರದ ಶಿಲುಬೆ.

ಅವನನ್ನು ಹೊರಗೆ ಕರೆದೆ. “ಏನಯ್ಯಾ ಇದು?”

“ದೇವ್ರ ಪಿಚ್ಚರ್‌ಗೆ ಹಂಗೇ ಅಲ್ವೇನ್ರಿ ಮಾಡೋದು? ಶಿವನ ಪಿಚ್ಚರ್ ಬಂದಾಗ್ಲೂ ನಾನೇ ಆರತಿ ಎತ್ತಿದ್ದು. ನಿಮ್ಮ ಸ್ವಾಮಿಗೆ ಕಮ್ಮಿ ಮಾಡಿದ್ರೆ ನಿಮಗೆ ಬ್ಯಾಸರ ಆಗಲ್ವಾ?” ಅವನ ಕಣ್ಣು ಇನ್ನೂ ಒದ್ದೆಯಾಗಿತ್ತು. “ಆ ಹೆತ್ತವ್ವ ಶಿಲುಬೆ ಕೆಳಗೆ ನಿಂತು ನೋಡ್ತಿದ್ಲಲ್ರಿ… ನನ್ನ ಕೈಲಿ ಆಗ್ಲಿಲ್ಲ.”

ಅಷ್ಟು ಕೇಳಿಯೂ ನಾನು ಮನೆಗೆ ಹೋಗಿ, ಹಾಳೆಗೆ ಅಂಚು ಬಿಟ್ಟು, ಮಾಲೀಕರಿಗೆ ಪತ್ರ ಬರೆದೆ. ಒಂದು, ಹಾರ. ಎರಡು, ತೆಂಗಿನಕಾಯಿ. ಮೂರು, ಕರ್ಪೂರ. ಮಾಡಿದವನನ್ನು ಕೆಲಸದಿಂದ ತೆಗೆಯದಿದ್ದರೆ ನಮ್ಮ ಸಭೆಯವರು ಬರುವುದಿಲ್ಲ. ಪಾಸ್ಟರು “ಕರೆದು ಮಾತಾಡಿದ್ರೆ ಸಾಕಲ್ವಾ ಮೇಷ್ಟ್ರೇ?” ಎಂದರು. ನಿಯಮ ನಿಯಮವೇ ಎಂದೆ. ಬೆಳಿಗ್ಗೆ ಎಂಟಕ್ಕೆ ಪತ್ರ ತಲುಪಿತು. ಮಧ್ಯಾಹ್ನದೊಳಗೆ ಅವನು ಗೇಟಿನ ಹೊರಗಿದ್ದ.

ಅವನು ಕರೆಯದೆ ಹಳ್ಳಿಯವರು ಬರಲಿಲ್ಲ. ನಮ್ಮದು ಸಣ್ಣ ಸಭೆ, ಎಲ್ಲರೂ ಮೊದಲ ದಿನವೇ ನೋಡಿ ಮುಗಿಸಿದ್ದೆವು. ನಾಲ್ಕನೆಯ ದಿನ ರೀಲು ಹೊರಟುಹೋಯಿತು. ಮಳೆಗಾಲದ ಹೊತ್ತಿಗೆ ಟಾಕೀಸಿನ ಕುರ್ಚಿಗಳನ್ನೂ ಕಿತ್ತರು.

ಮತ್ತೆ ಅವನು ಸಿಕ್ಕಿದ್ದು ಒಂದೇ ಸಲ, ಎಷ್ಟೋ ವರ್ಷದ ಮೇಲೆ, ದೇವಸಮುದ್ರದ ಬಸ್ ನಿಲ್ದಾಣದಲ್ಲಿ. ಯಾರದೋ ಕುರಿ ಕಾಯುತ್ತಿದ್ದ. ಹೇಳಬೇಕಾದ ಮಾತು ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಅಷ್ಟರಲ್ಲಿ ಅವನೇ ಕೇಳಿದ:

“ಮೇಷ್ಟ್ರೇ, ನಿಮ್ಮ ಸ್ವಾಮಿಗೆ ಏನು ಸೇರ್ತೈತೆ, ಏನು ಸೇರಲ್ಲ ಅಂತ ನಂಗ್ಯಾರೂ ಹೇಳಿರಲಿಲ್ಲ. ಸಿಟ್ಟು ಮಾಡ್ಕೊಂಡಿದ್ದಾನಾ?”

ಇಲ್ಲಪ್ಪಾ ಎನ್ನಬೇಕಿತ್ತು. ಅಷ್ಟರಲ್ಲಿ ಬಸ್ಸು ಬಂತು. ಜೀವಮಾನದಲ್ಲಿ ಒಂದು ಬಸ್ಸನ್ನೂ ತಪ್ಪಿಸಿಕೊಂಡವನಲ್ಲ ನಾನು… ಹತ್ತಿಬಿಟ್ಟೆ. ಕಿಟಕಿಯಿಂದ ನೋಡಿದಾಗ ಅವನು ಇನ್ನೂ ಉತ್ತರಕ್ಕೆ ಕಾದವನಂತೆ ಕೋಲೂರಿ ನಿಂತಿದ್ದ.

ನಾಲ್ಕು ವರ್ಷದ ಹಿಂದೆ ತೀರಿಕೊಂಡನಂತೆ. ನನಗೆ ಗೊತ್ತಾಗುವಷ್ಟರಲ್ಲಿ ತಿಂಗಳು ಕಳೆದಿತ್ತು. ಮಣ್ಣಿಗೂ ಹೋಗಲಾಗಲಿಲ್ಲ.

ಹೋದ ಭಾನುವಾರ ನಾನು ಒಲೆಯ ಹತ್ತಿರ ನಿಂತಿದ್ದನ್ನು ಕಂಡು ಈಗಿನ ಪಾಸ್ಟರು ಬಂದರು, ಇನ್ನೂ ಹೊಸಬರು. ಸಿನಿಮಾ ಕಂಪನಿ ಎಲ್ಲ ಚರ್ಚುಗಳಿಗೂ ಕಳಿಸಿದ ಸೂಚನೆಗಳ ಹಾಳೆ ಕೈಯಲ್ಲಿತ್ತು. ಕನ್ನಡಕ ಹಾಕಿಕೊಂಡು ಓದಿದೆ. ಚಿತ್ರಮಂದಿರದ ಬಾಗಿಲನ್ನು ಹೂವಿನಿಂದ ಅಲಂಕರಿಸಿ. ಪ್ರಭುವಿನ ಚಿತ್ರವನ್ನು ಪ್ರವೇಶದಲ್ಲಿ ಇಡಿ. ದೀಪ ಹಚ್ಚಿ. ಅಕ್ಕಪಕ್ಕದ ಹಳ್ಳಿಗಳವರನ್ನೂ ಕರೆತನ್ನಿ… ಇನ್ನೊಮ್ಮೆ ಓದಿದೆ.

“ಇದನ್ನೆಲ್ಲ ಭಕ್ತಿಯಿಂದ ಮಾಡೋರು ಬೇಕು ಸರ್. ಈ ಕಡೆ ಯಾರಾದ್ರೂ ನಿಮಗೆ ಗೊತ್ತಾ?”

“ಒಬ್ಬನಿದ್ದ” ಎಂದೆ.

ಅವರು ಜೇಬಿನಿಂದ ಫೋನು ತೆಗೆದು, “ನಂಬರ್ ಹೇಳಿ ಸರ್” ಎಂದರು.