ದಾಳಿಂಬೆ ಬಣ್ಣದ ಗೆರೆ

ನಮ್ಮ ಯಜಮಾನರನ್ನು ಜೆಟ್ಟಿಯಲ್ಲಿ ಎಲ್ಲರೂ ಗೆರೆ ಮೇಸ್ತ್ರಿ ಎನ್ನುತ್ತಾರೆ. ಹಳೆಯ ಮೋಟಾರು ಯಾಟುಗಳ, ಅಂದರೆ ಸಾಹುಕಾರರ ವಿಹಾರದ ಬೋಟುಗಳ, ಹೊಟ್ಟೆಯೊಳಗೆ ತೂರಿಕೊಂಡು ರಿಪೇರಿ ಮಾಡುವುದು ಅವರ ಕಸುಬು. ಒಂದು ಬೋಲ್ಟು ಬಿಗಿ ಮಾಡಿದರೆಂದರೆ ಅದರ ತಲೆಯಿಂದ ಪಕ್ಕದ ತಗಡಿನವರೆಗೆ ಉಗುರು ಬಣ್ಣದಲ್ಲಿ ಒಂದು ಗೆರೆ ಎಳೆಯಲೇಬೇಕು. ಮುಂದೆ ಯಾರಾದರೂ ಆ ಬೋಲ್ಟು ತಿರುಗಿಸಿದರೆ ಗೆರೆ ಮುರಿಯುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಬಣ್ಣ ಮಾತ್ರ ನನ್ನದು. ನಾನು ಆಸೆಪಟ್ಟು ಕೊಳ್ಳುತ್ತಿದ್ದ ದಾಳಿಂಬೆ ಬಣ್ಣ ನನ್ನ ಉಗುರಿಗಿಂತ ಬೋಲ್ಟುಗಳಿಗೇ ಹೆಚ್ಚು ಹೋಯಿತು. ಆಮೇಲೆ ಕಂಪನಿಯವರು ಆ ಬಣ್ಣ ಮಾಡುವುದನ್ನೇ ನಿಲ್ಲಿಸಿದರು. ಈಗ ಇವರು ಬಿಳಿ ಗೆರೆ ಎಳೆಯುತ್ತಾರೆ.

ಮನೆಯಲ್ಲೂ ಇದೇ ಕಥೆ. ಎಣ್ಣೆ ಡಬ್ಬಿಗೆ ಗೆರೆ, ಬಿಸ್ಕತ್ತಿನ ಡಬ್ಬದ ಮುಚ್ಚಳಕ್ಕೆ ಗೆರೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನಾನು ರೇಗಿದರೆ, ಬಿಸ್ಕತ್ತು ತಿಂದದ್ದು ಇಲಿಯೋ ಹೆಂಡತಿಯೋ ಗೊತ್ತಾಗಬೇಡವೇ ಎನ್ನುತ್ತಾರೆ. ಹುಟ್ಟುತ್ತಲೇ ಹೀಗಿದ್ದವರಲ್ಲ. ಕೆಲಸ ಕಲಿಯುತ್ತಿದ್ದಾಗ ಇನ್ಯಾರೋ ಸಡಿಲ ಬಿಟ್ಟ ಬೋಲ್ಟಿನಿಂದ ಒಂದು ಬೋಟಿಗೆ ನೀರು ನುಗ್ಗಿತಂತೆ. ತಪ್ಪು ಇವರ ತಲೆಗೆ ಬಂತು, ಕೆಲಸವೂ ಹೋಯಿತು. ಅಂದಿನಿಂದ ಇವರ ಲೆಕ್ಕದಲ್ಲಿ ಜಗತ್ತಿನಲ್ಲಿ ಯಾವುದೂ ತಾನಾಗಿ ಕೆಡುವುದಿಲ್ಲ. ಯಾರದೋ ಕೈವಾಡ ಇದ್ದೇ ಇರುತ್ತದೆ.

ಈ ಅನುಮಾನಕ್ಕೆ ಎಲ್ಲರಿಗಿಂತ ಹೆಚ್ಚು ಬಲಿಯಾದವನು ನನ್ನ ತಮ್ಮ. ಅವನು ಒಂದು ಹಳೆಯ ಯಾಟಿನ ಕ್ಯಾಪ್ಟನ್. ಅದರ ಮೂಲೆಯ ಕೋಣೆಯೇ ಅವನ ಮನೆ. ಏಳೆಂಟು ವರ್ಷದ ಹಿಂದೆ ಇವರು ಆ ಯಾಟಿನಲ್ಲಿ ದೊಡ್ಡ ರಿಪೇರಿ ಮುಗಿಸಿ ಬಂದಾಗ ಬೋಲ್ಟು ತಿರುಗಿಸುವ ಹತ್ತೊಂಬತ್ತರ ಅಳತೆಯ ಸ್ಪ್ಯಾನರ್ ಕಾಣೆಯಾಗಿತ್ತು. ಕೆಲಸ ಕಲಿಸಿದ ಗುರು ಕೊಟ್ಟಿದ್ದು, ಹಿಡಿಯ ಮೇಲೆ ಮೂರು ಚುಕ್ಕೆ ಕೊರೆದದ್ದು. ಅಲ್ಲಿ ಇವರ ಜೊತೆ ಇದ್ದವನು ನನ್ನ ತಮ್ಮನೊಬ್ಬನೇ, ಆದ್ದರಿಂದ ಕದ್ದವನೂ ಅವನೇ ಎಂದು ತೀರ್ಪಾಯಿತು. ಕೆಲವು ದಿನಗಳಲ್ಲಿ ತಮ್ಮ ಅಂಥದೇ ಹೊಸ ಸ್ಪ್ಯಾನರ್ ತಂದು ನಮ್ಮ ಮೆಟ್ಟಿಲ ಮೇಲಿಟ್ಟು ಹೋದ. ಅದರಿಂದ ಇನ್ನೂ ಕೆಟ್ಟಿತು.

"ನೋಡಿದ್ಯಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ" ಎಂದರು ಇವರು.

ನಾನು ಜಗಳವಾಡಿದೆ, ಎರಡು ದಿನ ಒಲೆ ಹಚ್ಚಲಿಲ್ಲ. ಏನೂ ಉಪಯೋಗವಾಗಲಿಲ್ಲ. ತಮ್ಮ ನಮ್ಮ ಹೊಸಿಲು ತುಳಿಯುವುದು ನಿಂತಿತು. ಅಕ್ಕ ತಮ್ಮ ಮಾತಾಡಬೇಕೆಂದರೆ ಜೆಟ್ಟಿಯ ಚಹಾದಂಗಡಿಯೇ ಗತಿ ಎನ್ನುವಂತಾಯಿತು. ಕಳ್ಳ ತಂದ ಸ್ಪ್ಯಾನರನ್ನು ಮಾತ್ರ ಇವರು ದಿನಾ ಬಳಸುತ್ತಿದ್ದರು.

ಆ ಯಾಟಿನ ತಳದಲ್ಲಿ, ನೀರಿನೊಳಗೆ, ಮೀನಿಗಿರುವಂತೆ ಅತ್ತೊಂದು ಇತ್ತೊಂದು ರೆಕ್ಕೆ ಇದೆ. ಸ್ಟೆಬಿಲೈಸರ್ ಎನ್ನುತ್ತಾರೆ. ಅಲೆಗೆ ಬೋಟು ಒಂದು ಕಡೆ ವಾಲಿದರೆ ರೆಕ್ಕೆಗಳು ತಿರುಗಿ ಅದನ್ನು ಇನ್ನೊಂದು ಕಡೆಗೆ ಒತ್ತಿ ನೆಟ್ಟಗೆ ನಿಲ್ಲಿಸುತ್ತವೆ. ಹೋದ ತಿಂಗಳು ಒಂದು ದಿನ ಕಡಲು ಬಹಳ ಒರಟಾಗಿತ್ತು. ಆಮೇಲಿಂದ ಬಲ ರೆಕ್ಕೆಗೆ ಹುಚ್ಚು ಹಿಡಿಯಿತು. ಒಮ್ಮೊಮ್ಮೆ ಕೊನೆಯವರೆಗೂ ತಿರುಗಿ ಅಲ್ಲೇ ನಿಂತು, ಶಾಂತವಾದ ನೀರಿನಲ್ಲೂ ಬೋಟನ್ನು ಪಕ್ಕಕ್ಕೆ ನೂಕುತ್ತಿತ್ತು. ಹಾಗೆ ನೂಕಿದ ಒಂದು ದಿನ ಮಾಲೀಕರ ತಾಯಿ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಮಾಲೀಕರು ಹಲ್ಲಿನ ಡಾಕ್ಟರು. ನನ್ನ ತಮ್ಮ ರಜೆ ಕೇಳಿದ್ದಕ್ಕೆ ಅವರು ಇಲ್ಲವೆಂದಿದ್ದರು. ಆ ಸಿಟ್ಟಿಗೆ, ಬೋಟು ಕೆಟ್ಟು ನಿಲ್ಲಲೆಂದು ಕ್ಯಾಪ್ಟನ್ನೇ ಕಿತಾಪತಿ ಮಾಡಿದ್ದಾನೆ ಎಂದು ಅವರ ತಲೆಗೆ ಹೊಕ್ಕಿತು. ಕೈವಾಡ ಸಾಬೀತಾದರೆ ಅಂದೇ ಬೋಟಿನಿಂದ ಇಳಿಯಬೇಕು ಎಂದರು. ಇಳಿದರೆ ತಮ್ಮನಿಗೆ ಕೆಲಸವೂ ಇಲ್ಲ, ಸೂರೂ ಇಲ್ಲ. ಕಳ್ಳನನ್ನು ಹಿಡಿದುಕೊಡಲು ಕರೆಸಿದ್ದು ಯಾರನ್ನು? ನಮ್ಮ ಯಜಮಾನರನ್ನು.

ಇವರು ಬೆಳಗಾಗುತ್ತಲೇ ಚೀಲ ಹೆಗಲಿಗೇರಿಸಿ ಸಿದ್ಧರಾದರು. ನನ್ನನ್ನೂ ಹೊರಡಿಸಿದರು. ಕೆಳಗೆ ಇವರು ಕೆಲಸ ಮಾಡುವಾಗ ಮೇಲೆ ಒಬ್ಬರು ರೆಕ್ಕೆ ಎಷ್ಟು ತಿರುಗಿದೆ ಎಂದು ತೋರಿಸುವ ಮುಳ್ಳು ನೋಡಿ ಹೇಳಬೇಕು, ತಮ್ಮ ಹೇಳಿದರೆ ಇವರಿಗೆ ನಂಬಿಕೆಯಿಲ್ಲ. ನಾವು ಹೋದಾಗ ತಮ್ಮ ಕಂಬಿ ಹಿಡಿದು ನಿಂತಿದ್ದ. ಅವನ ಬಟ್ಟೆಯ ಚೀಲ ಆಗಲೇ ಕಟ್ಟಿ ಪಕ್ಕದಲ್ಲಿತ್ತು. "ಬನ್ನಿ ಭಾವ" ಎಂದ. ಇವರು ಅವನ ಪಕ್ಕದ ಹಗ್ಗದ ಕಡೆ ನೋಡಿ ತಲೆಯಾಡಿಸಿದರು.

ಎಣ್ಣೆ ಸರಿಯಾಗಿತ್ತು, ಅದರ ಒತ್ತಡವೂ ಸರಿಯಾಗಿತ್ತು. ಇವರು ರೆಕ್ಕೆಗಳನ್ನು ಆಡಿಸುವ ಪೆಟ್ಟಿಗೆಯಲ್ಲಿ ಎಡದ ವೈರು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ನೋಡಿದರು. ಆಗಲೂ ಹಟ ಹಿಡಿದದ್ದು ಬಲ ರೆಕ್ಕೆಯೇ. ಅಂದರೆ ಪೆಟ್ಟಿಗೆಯದು ತಪ್ಪಿಲ್ಲ, ಕೆಡುಕು ರೆಕ್ಕೆಯ ಬುಡದಲ್ಲೇ ಇದೆ ಎಂದಾಯಿತು. ಅತಿಥಿಗಳ ಮಂಚದ ಕೆಳಗಿನ ಹಲಗೆ ಎತ್ತಿ ಇವರು ಒಳಗಿಳಿದರು, ನಾನು ಮೇಲೆ ಚುಕ್ಕಾಣಿಯ ಹತ್ತಿರ ಕೂತೆ. ಫೋನಿನಲ್ಲಿ ಎಷ್ಟು ಎಂದು ಕೇಳಿದರು, ಮುಳ್ಳು ಅರ್ಧಕ್ಕೆ ನಿಂತಿದೆ ಎಂದೆ. ರೆಕ್ಕೆ ಪೂರ್ತಿ ತಿರುಗಿರುವುದು ಇಲ್ಲಿ ಕಣ್ಣಿಗೇ ಕಾಣುತ್ತಿದೆ, ಸರಿಯಾಗಿ ನೋಡು ಎಂದರು. ಅರ್ಧ ಎಂದರೆ ಅರ್ಧವೇ ಎಂದೆ. ನನ್ನ ಕಣ್ಣನ್ನು ಪರೀಕ್ಷೆ ಮಾಡಲು ತಾವೇ ಮೇಲೆ ಬಂದರು.

ಈಗ ನಾನು ಕೆಳಗೆ, ಟಾರ್ಚು ಹಿಡಿದು ಹೊಟ್ಟೆಯ ಮೇಲೆ ಮಲಗಿ ನೋಡಿದೆ. ರೆಕ್ಕೆಯ ತೋಳು ಪೂರ್ತಿ ತಿರುಗಿತು, ಹಿಂದೆಲ್ಲೋ ಟಣ್ ಎಂದಿತು. ರೆಕ್ಕೆ ಎಲ್ಲಿದೆ ಎಂದು ಮೇಲಕ್ಕೆ ತಿಳಿಸಲು ಅಲ್ಲೊಂದು ಸ್ಪ್ರಿಂಗಿನ ಸರಳಿದೆ. ಅದು ಏನಕ್ಕೋ ತಗುಲಿ ಅರ್ಧದಲ್ಲೇ ನಿಂತಿತ್ತು. ರೆಕ್ಕೆ ಇನ್ನೂ ತಿರುಗಿಲ್ಲವೆಂದುಕೊಂಡು ಯಂತ್ರ ನೂಕುತ್ತಲೇ ಇತ್ತು. ಸರಳು ತಗುಲುತ್ತಿದ್ದ ಜಾಗಕ್ಕೆ ಹಿಂಬದಿಯಲ್ಲಿ ಬೇರೆಯೇ ತಗಡಿನ ಮುಚ್ಚಳವಿತ್ತು.

ನಾನು ಹೇಳಿದ್ದು ಕೇಳಿ ಇವರ ಮುಖ ಅರಳಿತು. "ಒಳಗೆ ಏನೋ ತುರುಕಿದ್ದಾನೆ. ನೋಡ್ತಿರು, ಗೆರೆ ಮುರಿದಿರುತ್ತೆ" ಎನ್ನುತ್ತ ಕೆಳಗಿಳಿದು ಮುಚ್ಚಳದ ಮೇಲೆ ಟಾರ್ಚು ಬಿಟ್ಟರು.

ನಾಲ್ಕು ಬೋಲ್ಟು, ನಾಲ್ಕು ಗೆರೆ. ನಾಲ್ಕೂ ದಾಳಿಂಬೆ ಬಣ್ಣದವು, ನಾಲ್ಕೂ ನೆಟ್ಟಗಿದ್ದವು. ಹೆಬ್ಬೆರಳಿನಿಂದ ಉಜ್ಜಿ ನೋಡಿದರು, ಉಗುರಿನಿಂದ ಕೆರೆದು ನೋಡಿದರು. ಬೇರೆ ಯಾರೋ ತೆಗೆದು ಮತ್ತೆ ಬಳಿದರು ಎನ್ನಲು ಆ ಬಣ್ಣ ಈಗ ಯಾವ ಅಂಗಡಿಯಲ್ಲೂ ಇಲ್ಲ. ಹತ್ತೊಂಬತ್ತರ ಸ್ಪ್ಯಾನರ್, ನನ್ನ ತಮ್ಮ ತಂದಿಟ್ಟಿದ್ದನ್ನೇ, ತೆಗೆದು ಬೋಲ್ಟು ಬಿಚ್ಚಿದರು. ಒಳಗೆ ಕೈ ಹಾಕಿದರು. ಹೊರಗೆ ಬಂದದ್ದು ತುಕ್ಕು ಹಿಡಿದ ಇನ್ನೊಂದು ಸ್ಪ್ಯಾನರ್. ಹಿಡಿಯ ಮೇಲೆ ಮೂರು ಚುಕ್ಕೆ.

ಅದು ಒಳಗಿನ ಕಟ್ಟೆಯ ಮೇಲೆ ಇಷ್ಟು ವರ್ಷ ಕೂತಿದ್ದು, ಆ ಒರಟು ಕಡಲಿಗೆ ಜಾರಿ ಸರಳಿನ ದಾರಿಗೆ ಬಿದ್ದಿತ್ತು. ಮರೆತು ಒಳಗೆ ಬಿಟ್ಟವರು ಇವರು, ಕೈಗೆ ಸಿಕ್ಕ ಬೇರೆ ಸ್ಪ್ಯಾನರಿನಿಂದ ಬಿಗಿದು ಮುಚ್ಚಿದವರು ಇವರು, ಗೆರೆ ಎಳೆದವರೂ ಇವರೇ. ನಾನು ಇವರ ಮುಖ ನೋಡಿದೆ. ಇವರು ನನ್ನ ಕಡೆ ನೋಡದೆ ಸ್ಪ್ಯಾನರನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗಿಳಿಸಿದರು. ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ ನನಗೆ ಇವರ ಮೇಲೆ ಅನುಮಾನ ಬಂತು.

ಮೇಲೆ ಡಾಕ್ಟರು ಕಾಯುತ್ತಿದ್ದರು. ರೆಕ್ಕೆ ಸರಿಯಾಯಿತು, ಹಳೆಯ ಬೋಟಲ್ಲವೇ, ಒಳಗೆ ಏನೋ ಸಿಕ್ಕಿಕೊಂಡಿತ್ತು ಎಂದರು ಇವರು. ಏನೋ ಎಂದರೆ ಏನು ಎಂದು ಡಾಕ್ಟರು ಕೇಳಿದರು. ಇವರು ಕೈ ಒರೆಸಿಕೊಳ್ಳುತ್ತ ನಿಂತರು. ಡಾಕ್ಟರು ಒಮ್ಮೆ ತಮ್ಮನನ್ನು, ಒಮ್ಮೆ ನನ್ನನ್ನು ನೋಡಿದರು.

"ಎಷ್ಟಾದ್ರೂ ಭಾವಮೈದ, ಮುಚ್ಚಿಡ್ತಿದ್ದೀರಿ. ಗೊತ್ತಾಯ್ತು ಬಿಡಿ. ಕ್ಯಾಪ್ಟನ್, ನೀವು ಇಳೀಬಹುದು" ಎಂದರು.

ನನ್ನ ತಮ್ಮ ಚೀಲಕ್ಕೆ ಕೈ ಹಾಕಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಜೇಬಿನಿಂದ ಸ್ಪ್ಯಾನರ್ ತೆಗೆದು ಮೇಜಿನ ಮೇಲಿಟ್ಟರು. "ಇದು ನಂದು. ನಾನೇ ಒಳಗೆ ಮರೆತು ಮುಚ್ಚಿದ್ದೆ. ಅವನು ಮುಟ್ಟಿಲ್ಲ."

ಡಾಕ್ಟರು ನಂಬಲಿಲ್ಲ. ಭಾವಮೈದನನ್ನು ಉಳಿಸಲು ತಪ್ಪು ಮೈಮೇಲೆ ಹಾಕಿಕೊಳ್ಳುತ್ತಿದ್ದೀರಿ ಎಂದರು. ಗೆರೆ ನೆಟ್ಟಗಿತ್ತು ಎಂದರು ಇವರು. ಬಿಚ್ಚಿದವರು ನೀವೇ, ನೋಡಿದವರು ಯಾರು ಎಂದು ಡಾಕ್ಟರು ಕೇಳಿದರು. ನೋಡಿದವಳು ನಾನೊಬ್ಬಳೇ, ಅದೂ ಕ್ಯಾಪ್ಟನ್‌ನ ಅಕ್ಕ. ಯಾರ ಮಾತನ್ನೂ ನಂಬದ ಮನುಷ್ಯ ಅಂದು ದಯವಿಟ್ಟು ನಂಬಿ ಎಂದು ಕೈಮುಗಿದದ್ದನ್ನು ನಾನು ಕಣ್ಣಾರೆ ಕಂಡೆ. ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು.

ಕೊನೆಗೆ ಡಾಕ್ಟರು ಹಲ್ಲು ನೋಡುವ ಪುಟ್ಟ ಕನ್ನಡಿ ಹಿಡಿದು ತಾವೇ ಕೆಳಗಿಳಿದರು. ಅಂಥ ಸಂದಿಗೊಂದಿ ನೋಡುವುದರಲ್ಲಿ ಅವರದು ಪಳಗಿದ ಕೈ. ಬಿಳಿ ಬಣ್ಣದ ಕಟ್ಟೆಯ ಮೇಲೆ ಸ್ಪ್ಯಾನರಿನ ಆಕಾರದಲ್ಲೇ ತುಕ್ಕಿನ ಕಲೆ ಅಚ್ಚೊತ್ತಿತ್ತು. ಅದು ನಿನ್ನೆ ಮೊನ್ನೆಯ ಕಲೆಯಲ್ಲ. ಮೇಲೆ ಬಂದವರು ಚೀಲ ಒಳಗಿಡಿ ಎಂದು ತಮ್ಮನಿಗೆ ಹೇಳಿ, ನಮ್ಮ ಯಾರ ಮುಖವನ್ನೂ ನೋಡದೆ ಇಳಿದು ಹೋದರು.

ಉಳಿದವರು ನಾವು ಮೂವರೇ. ಇವರು ಹೊಸ ಸ್ಪ್ಯಾನರನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ ತಮ್ಮನ ಕಡೆ ಚಾಚಿದರು.

"ತಗೋ. ಇದು ನಿಂದು."

"ನಿಮಗೇ ತಂದಿದ್ದು ಭಾವ, ಇಟ್ಕೊಳ್ಳಿ."

ಅಷ್ಟಕ್ಕೇ ಬಿಡುವ ಜೀವವೇ ಅದು? "ಕದ್ದಿಲ್ಲ ಅಂದ್ಮೇಲೆ ಯಾಕೆ ತಂದಿಟ್ಟೆ?" ಎಂದು ಕೇಳಿದರು.

ನನ್ನ ತಮ್ಮ ಕಂಬಿಯ ಮೇಲಿನ ಉಪ್ಪನ್ನು ಬೆರಳಿನಿಂದ ಕೆರೆದ. "ಅಕ್ಕನ ಮನೆಗೆ ಬರೋಕೆ ಒಂದು ದಾರಿ ಬೇಕಿತ್ತಲ್ಲ ಭಾವ" ಎಂದ.

ನನಗೆ ಅಳು ತಡೆಯಲಾಗಲಿಲ್ಲ. ಇವರು ಬಗ್ಗಿ ತಮ್ಮನ ಬಟ್ಟೆಯ ಚೀಲವನ್ನೆತ್ತಿ ಹೆಗಲಿಗೆ ಹಾಕಿಕೊಂಡು, ಜೆಟ್ಟಿಗೆ ಇಳಿದು ನಡೆದೇಬಿಟ್ಟರು.

"ನನ್ನ ಚೀಲ ಯಾಕೆ ತಗೊಂಡು ಹೋಗ್ತಿದ್ದಾರೆ ಅಕ್ಕ?" ತಮ್ಮ ಅನುಮಾನದಿಂದ ಕೇಳಿದ.

ಊಟದ ಹೊತ್ತಾಗಿತ್ತು. ಮನೆಗೆ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ, ನಾನು ಕೈಹಿಡಿದು ಎಳೆದ ಮೇಲೆಯೇ ಹೆಜ್ಜೆ ಕಿತ್ತಿಟ್ಟ.