ಹಲ್ಲಣ್ಣನ ಬೆಳಗಿನ ಮುಕ್ಕಾಲು ಗಂಟೆ

ನಮ್ಮ ಪಿಟೀಲು ತಂಡದಲ್ಲಿ ಅವನ ಕುರ್ಚಿ ನನ್ನ ಕುರ್ಚಿಯ ಪಕ್ಕದ್ದು. ಇಬ್ಬರಿಗೂ ಸೇರಿ ಒಂದು ಸ್ಟ್ಯಾಂಡು, ಒಂದು ಸ್ವರದ ಹಾಳೆ. ಪುಟ ಮಗುಚುವ ಕೆಲಸ ಅವನದು, ಎಲ್ಲಿದ್ದೀವಿ ಅಂತ ಬೆರಳು ತೋರಿಸುವ ಕೆಲಸ ನನ್ನದು.

ಹೊಟ್ಟೆಪಾಡಿಗೆ ಅವನು ಹಲ್ಲಿನ ಸೆಟ್ಟು ಮಾಡುತ್ತಾನೆ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಾನೆ. ಔಷಧದಂಗಡಿಯ ಹಿಂದೆ ಒಂದು ಉದ್ದನೆಯ ಕೋಣೆ. ಕಿಟಕಿಯ ಕಟ್ಟೆಯ ಮೇಲೆಲ್ಲ ಬಿಳಿ ಪುಡಿ, ಮೇಜಿನ ಮೇಲೆ ಯಾರ್ಯಾರದೋ ಬಾಯಿಗಳು ಸಾಲಾಗಿ ಹಲ್ಲು ಕಿರಿದುಕೊಂಡು ಕೂತಿರುತ್ತವೆ. ಬೀದಿಯವರಿಗೆಲ್ಲ ಅವನು ಹಲ್ಲಣ್ಣ. ಕರೆಸಿಕೊಂಡು ಕರೆಸಿಕೊಂಡು ಈಗ ಅವನೇ ಫೋನೆತ್ತಿ "ಹಲ್ಲಣ್ಣ ಮಾತಾಡ್ತಿರೋದು" ಅನ್ನುತ್ತಾನೆ.

ಚಿಕ್ಕಂದಿನಲ್ಲಿ ಐದು ವರ್ಷ ಪಿಟೀಲು ಕಲಿತಿದ್ದನಂತೆ. ಹದಿನಾರನೆಯ ವಯಸ್ಸಿಗೆ ಅಪ್ಪ ತೀರಿಕೊಂಡರು, ಚಿಕ್ಕಪ್ಪ ಈ ಕೆಲಸಕ್ಕೆ ಹಚ್ಚಿದರು, ಪಿಟೀಲು ಅಟ್ಟ ಹತ್ತಿತು. ಅದು ಮತ್ತೆ ಕೆಳಗಿಳಿದದ್ದು ಅವನಿಗೆ ನಲವತ್ತನಾಲ್ಕು ತುಂಬಿದ ಮೇಲೆ. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ನನ್ನ ಕಥೆ ಅದೇ. ಒಂದೇ ಪುಣ್ಯ, ಹಲ್ಲು ಮಾಡ್ಕೊಳ್ಳೋದು ನನಗೆ ಗೊತ್ತು" ಎಂದು ತಂಡಕ್ಕೆ ಸೇರಿದ ದಿನವೇ ನಮ್ಮನ್ನೆಲ್ಲ ನಗಿಸಿದ.

ತಂಡ ಕಟ್ಟಿದವರು ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದ ಒಬ್ಬ ಹಿರಿಯರು. ಎಪ್ಪತ್ತು ದಾಟಿದ್ದರೂ ನಮಗೆಲ್ಲ ಅವರು ಬರೀ ‘ಟೀಚರ್’. ಗ್ರಂಥಾಲಯದ ಮಹಡಿಯ ಮೇಲೆ ಭಾನುವಾರ ಭಾನುವಾರ ಸೇರುತ್ತಿದ್ದೆವು. ವರ್ಷಕ್ಕೆ ಎರಡು ಸಲ ಅಲ್ಲೇ ಕಛೇರಿ.

ಹಲ್ಲಣ್ಣನ ಮೊದಲ ಕಛೇರಿಯ ದಿನ ನಲವತ್ತು ಜನ ಬಂದಿದ್ದರು. ಮೂರನೆಯ ಹಾಡಿನ ನಡುವೆ ಎರಡು ಸಾಲು ಓಡಬೇಕು. ಅಲ್ಲಿಗೆ ಬರುವಷ್ಟರಲ್ಲಿ ಅವನ ಬಲಗೈ ನಡುಗತೊಡಗಿತು. ಕಮಾನು ತಂತಿಯ ಮೇಲೆ ಪುಟಿಯಿತು. ಅವನು ಮಾಡಿದ್ದಿಷ್ಟೇ: ಕಮಾನನ್ನು ಕೂದಲೆಳೆಯಷ್ಟು ಮೇಲೆತ್ತಿದ. ಅಲ್ಲಿಂದ ಕೊನೆಯವರೆಗೂ ಗಾಳಿಯಲ್ಲೇ ಆಡಿಸಿದ. ನಮ್ಮೆಲ್ಲರ ಕಮಾನು ಮೇಲೆ ಹೋದರೆ ಅವನದೂ ಮೇಲೆ, ಕೆಳಗೆ ಬಂದರೆ ಅವನದೂ ಕೆಳಗೆ. ಪಕ್ಕದಲ್ಲೇ ಕೂತಿದ್ದ ನನಗೆ ಒಂಚೂರೂ ಗೊತ್ತಾಗಲಿಲ್ಲ. ನನ್ನ ಪಾಡು ನನಗಾಗಿತ್ತು.

ಮುಗಿದ ಮೇಲೆ ಅವನ ಹೆಂಡತಿ ಓಡಿಬಂದಳು. "ಎಷ್ಟು ಚೆನ್ನಾಗಿತ್ತು ರೀ! ಒಂದು ತಪ್ಪೂ ಕೇಳಿಸಲಿಲ್ಲ."

ಅವನು ನೆಲ ನೋಡಿದ. ಟೀಚರ್ ಪೆಟ್ಟಿಗೆ ಮುಚ್ಚುತ್ತಾ ಅವನೊಬ್ಬನಿಗೇ ಕೇಳುವ ಹಾಗೆ ಅಂದರು: "ತಂತಿ ಹಿಡಿಯೋಕೆ ಅಂತ ಇವತ್ತು ನಿನ್ನ ಕಮಾನಿಗೆ ರಾಳ ತಿಕ್ಕೋ ಅಗತ್ಯವೇ ಇರಲಿಲ್ಲ, ಅಲ್ವೇನಪ್ಪಾ?"

ಆ ಮಾತು ಅವನನ್ನು ಎರಡು ದಿನ ಚುಚ್ಚಿತು. ಮೂರನೆಯ ದಿನ ಹೆಂಡತಿಗೆ ಇದ್ದದ್ದು ಇದ್ದ ಹಾಗೆ ಹೇಳಿ, "ಇನ್ನು ಮೇಲೆ ದಿನಾ ಎರಡು ಗಂಟೆ ಕೂರ್ತೀನಿ. ಏನಾದರಾಗಲಿ" ಎಂದ.

ಕೂತ. ಸಂಜೆ ಐದಕ್ಕೆ ಕೆಲಸದಿಂದ ಬಂದವನೇ ಕೈಕಾಲು ತೊಳೆದು ಪಿಟೀಲು ಹಿಡಿದರೆ ಏಳರವರೆಗೂ ಇಳಿಸುತ್ತಿರಲಿಲ್ಲ. ಆ ಮೂರನೆಯ ಹಾಡನ್ನು ತಲೆಯಿಂದ ಬಾಲದವರೆಗೆ ನುಡಿಸುವುದು, ಓಡುವ ಸಾಲಿನಲ್ಲಿ ಮುಗ್ಗರಿಸುವುದು, ತಡವರಿಸಿಕೊಂಡು ಮುಂದೆ ಹೋಗುವುದು, ಮುಗಿಸುವುದು, ಮತ್ತೆ ತಲೆಯಿಂದ ಶುರು. ಹೆಂಡತಿ ತಾಳ್ಮೆಯವಳು. ಆದರೂ ಒಂದು ಸಂಜೆ ಅಡುಗೆಮನೆಯಿಂದ, "ಜನ ಬಾಯಲ್ಲಿ ಪಿಟೀಲು ಕುಯ್ತಾರೆ ಅಂತ ಕೇಳಿದ್ದೆ. ನೀವು ನಿಜವಾಗ್ಲೂ ಕುಯ್ತಾ ಇದ್ದೀರಲ್ಲ ರೀ!" ಅಂದಳು. ಭುಜ ಹಿಡಿದುಕೊಂಡಿತು. ಕತ್ತಿನ ಎಡಗಡೆ ಕೆಂಪಗೆ ಗುರುತು ಬಿತ್ತು. ಮುಗ್ಗರಿಸುವ ಜಾಗ ಮಾತ್ರ ಇದ್ದಲ್ಲೇ ಇತ್ತು.

ಮೂರನೆಯ ವಾರದ ಕೊನೆಗೆ ಕೆಳಮನೆಯ ನರ್ಸಮ್ಮ ಮೆಟ್ಟಿಲು ಹತ್ತಿ ಬಂದರು. ಆಸ್ಪತ್ರೆಯಲ್ಲಿ ಅವರದು ವರ್ಷಗಟ್ಟಲೆ ರಾತ್ರಿ ಪಾಳಿ. ಬೆಳಿಗ್ಗೆ ಏಳೂವರೆಗೆ ಮನೆಗೆ ಬಂದು, ಬಟ್ಟೆಬರೆ ಕೆಲಸ ಮುಗಿಸಿ, ಮಧ್ಯಾಹ್ನದಿಂದ ಸಂಜೆ ಏಳರವರೆಗೆ ನಿದ್ದೆ. ಇವನ ಎರಡು ಗಂಟೆ ಅವರ ನಿದ್ದೆಯ ಮೇಲೇ ಬಂದು ಕೂತಿತ್ತು.

"ಜಗಳಕ್ಕೆ ಬಂದಿಲ್ಲ" ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು. "ನಿಮ್ಮ ಹಾಡು ನನಗೂ ಬಾಯಿಪಾಠ ಆಗಿಬಿಟ್ಟಿದೆ. ಔಷಧದ ಗಾಡಿ ತಳ್ಳುವಾಗ ನನಗೇ ಗೊತ್ತಿಲ್ಲದ ಹಾಗೆ ಗುನುಗ್ತೀನಿ. ಕೇಳಿ ಬೇಕಾದ್ರೆ."

ಗುನುಗಿದರು. ಗಂಟಲು ಚೆನ್ನಾಗಿತ್ತು. ಓಡುವ ಸಾಲು ಬಂತು. ಅಲ್ಲಿ ನರ್ಸಮ್ಮ ಒಂದು ಸ್ವರ ಮೇಲೆ ಜಾರಿ, ಎರಡು ಸಲ ತಡವರಿಸಿ, ಒಂದು ಉಸಿರು ನಿಂತು, ಮುಂದೆ ಹೋದರು.

"ಅಲ್ಲ ಸಿಸ್ಟರ್, ಅದು ಹಾಗಲ್ಲ. ಅಲ್ಲಿ ತಪ್ಪಿದ್ರಿ" ಎಂದ ಹಲ್ಲಣ್ಣ.

"ತಪ್ಪೋ ಸರಿಯೋ ನನಗೇನ್ರೀ ಗೊತ್ತು? ನೀವು ದಿನಾ ಹಾಗೇ ತಾನೆ ನುಡಿಸೋದು?"

ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು. ಹಲ್ಲಣ್ಣನಿಗೆ ನಗು ಬರಲಿಲ್ಲ. ದಿನಾ ಎರಡು ಗಂಟೆಯಂತೆ ಮೂರು ವಾರ ತಾನು ಕಲಿತದ್ದು ಹಾಡನ್ನಲ್ಲ, ತಪ್ಪನ್ನು ಎಂದು ಅವನಿಗೆ ಆಗ ಹೊಳೆಯಿತು. ತಾನು ಕಲಿತದ್ದಲ್ಲದೆ ಕೆಳಮನೆಯವರಿಗೂ ಕಲಿಸಿದ್ದ.

ನರ್ಸಮ್ಮ ಏಳುವಾಗ ಒಂದು ಒಪ್ಪಂದ ಮುಂದಿಟ್ಟರು. ಬೆಳಿಗ್ಗೆ ಆರರಿಂದ ಏಳರವರೆಗೆ ತಾವು ಮನೆಯಲ್ಲೇ ಇರುವುದಿಲ್ಲ. ಆಗ ಮನೆ ಹಾರಿಹೋಗುವ ಹಾಗೆ ನುಡಿಸಿದರೂ ತಮ್ಮದೇನೂ ತಕರಾರಿಲ್ಲ. ಸಂಜೆ ಮಾತ್ರ ಬೇಡ. ಹಲ್ಲಣ್ಣ ಒಪ್ಪಿದ. ಏಳಕ್ಕೆ ಮೊದಲು ಹಾಸಿಗೆ ಬಿಟ್ಟವನಲ್ಲ ಅವನು.

ಆ ಭಾನುವಾರ ಬೇಗ ಬಂದು ಟೀಚರ್ ಹತ್ತಿರ ಎಲ್ಲವನ್ನೂ ಒಪ್ಪಿಸಿದ. ನಾನು ಕುರ್ಚಿ ಜೋಡಿಸುತ್ತಿದ್ದೆ, ಕಿವಿಗೆ ಬಿತ್ತು.

"ನೀನು ಮಾಡಿದ ಸೆಟ್ಟು ವಾಪಸು ಬರುತ್ತಲ್ಲ, ಒಂದು ಹಲ್ಲು ಎತ್ತರ ಆಗಿದೆ, ಕಚ್ಚಿದ್ರೆ ನೋಯುತ್ತೆ ಅಂತ. ಆಗ ಏನು ಮಾಡ್ತೀಯ?" ಎಂದು ಕೇಳಿದರು ಟೀಚರ್.

"ನೀಲಿ ಕಾಗದ ನಡುವೆ ಇಟ್ಟು ಕಚ್ಚಿಸಿ ನೋಡ್ತೀನಿ. ಎಲ್ಲಿ ಬಣ್ಣ ಹತ್ತುತ್ತೋ ಅಲ್ಲಿ ಮಾತ್ರ ಉಜ್ಜೋದು."

"ಇಡೀ ಸೆಟ್ಟು ಉಜ್ಜಲ್ವಾ?"

"ಇಡೀ ಸೆಟ್ಟು ಉಜ್ಜಿದ್ರೆ ಉಳಿಯೋದೇನು ಟೀಚರ್..." ಎಂದವನು ಅಲ್ಲಿಗೇ ನಿಲ್ಲಿಸಿದ.

ಟೀಚರ್ ಹಾಳೆ ತೆಗೆದುಕೊಂಡು ಓಡುವ ಸಾಲಿನ ಏಳು ಸ್ವರಗಳ ಸುತ್ತ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಟ್ಟರು. "ಈ ವಾರ ಇಷ್ಟೇ. ಆಮೆ ನಡೆದ ಹಾಗೆ ನುಡಿಸು. ತಪ್ಪಿಲ್ಲದೆ ಬರೋಷ್ಟು ನಿಧಾನ. ಹಾಡು ಪೂರ್ತಿ ನುಡಿಸೋದು ಶನಿವಾರ ಮಾತ್ರ, ಅದೂ ಒಂದೇ ಸಲ."

ಬೆಳಿಗ್ಗೆ ಏಳುವುದೇ ದೊಡ್ಡ ಪಾಡಾಯಿತು. ಮೊದಲ ವಾರ ನಾಲ್ಕು ದಿನ ತಪ್ಪಿಸಿದ. ಎದ್ದ ದಿನವೂ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದು, ರಾಳ ಹುಡುಕಿ, ಸ್ಟ್ಯಾಂಡು ಬಿಚ್ಚಿ ನಿಲ್ಲಿಸುವಷ್ಟರಲ್ಲಿ ಕಾಲು ಗಂಟೆ ಮಾಯ. ಇದನ್ನು ನೋಡಿ ನೋಡಿ ಹೆಂಡತಿ, "ಪೊರಕೆ ಕೈಗೆ ಸಿಗೋ ಹಾಗಿದ್ರೆ ತಾನೇ ಮನೆ ಗುಡಿಸೋಕೆ ಮನಸ್ಸು ಬರೋದು? ಅದನ್ನ ಮುಚ್ಚಿಡ್ತೀರಿ ಯಾಕೆ?" ಎಂದಳು. ಸಾಮಾನಿನ ಕೋಣೆಯ ಒಂದು ಮೂಲೆ ಖಾಲಿ ಮಾಡಿಕೊಟ್ಟಳು. ಪಿಟೀಲು ಗೋಡೆಯ ಮೊಳೆಗೆ ಬಂತು, ಸ್ಟ್ಯಾಂಡು ನಿಂತಲ್ಲೇ ನಿಂತಿತು.

ಮೆಲ್ಲಗೆ ಒಂದು ಕ್ರಮ ಕುದುರಿತು. ಮೊದಲ ಐದು ನಿಮಿಷ ಉದ್ದುದ್ದ ಕಮಾನು, ಬೇರೇನಿಲ್ಲ. ಆಮೇಲೆ ಹತ್ತು ನಿಮಿಷ ಸ್ವರಗಳ ಏರಿಳಿತ, ಕಿವಿಗೊಟ್ಟು. ಇಪ್ಪತ್ತು ನಿಮಿಷ ಗೆರೆ ಹಾಕಿದ ಜಾಗ. ಉಳಿದ ಹತ್ತು ನಿಮಿಷ ತನಗಿಷ್ಟವಾದದ್ದು ಏನಾದರೂ. ಅದನ್ನು ಅವನು ಸಂಬಳ ಅನ್ನುತ್ತಿದ್ದ. ಇಳಿಸುವ ಮೊದಲು ಒಂದು ಹಳೆಯ ನೋಟುಪುಸ್ತಕದಲ್ಲಿ ಒಂದೇ ಸಾಲು: ನಾಳೆ ಯಾವುದರಿಂದ ಶುರು. "ಬೆಳಿಗ್ಗೆ ಆರಕ್ಕೆ ನನ್ನ ತಲೆ ಓಡಲ್ಲ. ಹಿಂದಿನ ದಿನದ ನಾನು ಹೇಳಿದ್ದನ್ನ ಸುಮ್ನೆ ಮಾಡ್ತೀನಿ" ಎಂದು ನನಗೊಮ್ಮೆ ಹೇಳಿದ. ಏಳು ಸ್ವರ ಸಲೀಸಾಗಲು ಒಂದು ವಾರ ಸಾಲಲಿಲ್ಲ, ಮೂರು ಬೇಕಾಯಿತು. ಕಲಿತದ್ದನ್ನು ಬಿಡುವುದು ಕಲಿಯುವುದಕ್ಕಿಂತ ಕಷ್ಟ.

ಹೀಗೆ ಎರಡು ತಿಂಗಳು ಚೆನ್ನಾಗಿ ನಡೆಯಿತು. ಒಂದು ದಿನ ಕೆಲಸದ ಕೋಣೆಯಲ್ಲಿ ಮೇಣ ಕರಗಲೆಂದು ಇಟ್ಟಿದ್ದ ಅಚ್ಚನ್ನು ಕುದಿನೀರಿನಿಂದ ಎತ್ತುವಾಗ ಇಕ್ಕಳ ಜಾರಿತು. ಎಡಗೈಯ ಎರಡು ಬೆರಳಿನ ಮೇಲೆ ಕುದಿನೀರು ಬಿತ್ತು. ಬೊಬ್ಬೆ ಎದ್ದು, ಕಟ್ಟು ಬಿತ್ತು. ಕಟ್ಟಿದವರು ನಮ್ಮ ನರ್ಸಮ್ಮನೇ. "ಒಂದು ತಿಂಗಳು ಪಿಟೀಲಿಗೂ ರಜೆ, ನನ್ನ ಕಿವಿಗೂ ರಜೆ" ಎಂದು ನಗಿಸಲು ನೋಡಿದರು.

ಮೊದಲ ಎರಡು ದಿನ ಅವನಿಗೆ ಹಗುರವೇ ಆಯಿತಂತೆ. ಯಾರೂ ಬೈಯದ ಹಾಗೆ ಹಾಸಿಗೆಯಲ್ಲಿರಬಹುದು. ಮೂರನೆಯ ದಿನ ಆರಕ್ಕೆ ಕಣ್ಣು ತಾನಾಗಿ ಬಿಟ್ಟಿತು. ಹೊರಳಾಡಿದ. ಎದ್ದು ಹೋಗಿ ಸಾಮಾನಿನ ಕೋಣೆಯಲ್ಲಿ ಸುಮ್ಮನೆ ಕೂತ. ಅಲ್ಲಿ ಕೂತೇ ಟೀಚರ್‌ಗೆ ಫೋನ್ ಮಾಡಿದ, ಈ ಸಲದ ಕಛೇರಿಗೆ ತನ್ನನ್ನು ಬಿಟ್ಟುಬಿಡಿ ಅಂತ.

"ಸುಟ್ಟಿದ್ದು ಯಾವ ಕೈ?"

"ಎಡಗೈ, ಟೀಚರ್."

"ಅವತ್ತು ನಡುಗಿದ್ದು?"

ಹಲ್ಲಣ್ಣ ತನ್ನ ಬಲಗೈ ನೋಡಿಕೊಂಡ.

"ಕಟ್ಟಿರೋ ಕೈಯಲ್ಲಿ ಹಿಡಿದುಕೊಂಡಿದ್ರೆ ಸಾಕು. ಬೆರಳು ಒತ್ತಬೇಡ. ಕನ್ನಡಿ ಮುಂದೆ ನಿಂತು ಬರೀ ತಂತಿ ಮೇಲೆ ಕಮಾನು ಎಳಿ. ನೀನೇನು ಮಾಡ್ತಿದ್ದೀಯ ಅಂತ ನೋಡು."

ಹೆಂಡತಿಯ ಕನ್ನಡಿ ಸಾಮಾನಿನ ಕೋಣೆಗೆ ಬಂತು. ಅದರಲ್ಲಿ ಅವನು ಕಂಡದ್ದು ಒಬ್ಬ ಹೆದರಿದ ಮನುಷ್ಯನನ್ನು. ಕಮಾನು ಎತ್ತುವ ಮೊದಲೇ ಉಸಿರು ಕಟ್ಟಿರುತ್ತಿತ್ತು. ಬಲಭುಜ ಕಿವಿಯ ಹತ್ತಿರ ಹೋಗಿರುತ್ತಿತ್ತು. ಹೆಬ್ಬೆರಳು ಕಮಾನನ್ನು ಹಗ್ಗ ಹಿಡಿದ ಹಾಗೆ ಹಿಚುಕುತ್ತಿತ್ತು. ಎಲ್ಲಕ್ಕಿಂತ ತಮಾಷೆಯೆಂದರೆ, ಊರವರ ದವಡೆ ತಿದ್ದುವವನು ತನ್ನ ದವಡೆಯನ್ನು ಬಿಗಿದು ಕಚ್ಚಿಕೊಂಡಿದ್ದ. "ಬೇರೆಯವರಾದ್ರೆ ‘ನಿದ್ದೆಯಲ್ಲಿ ಹಲ್ಲು ಕಡೀತೀರಾ?’ ಅಂತ ಕೇಳ್ತಿದ್ದೆ" ಎಂದ ನನ್ನ ಹತ್ತಿರ.

ಅಲ್ಲಿಂದ ಪ್ರತಿದಿನ ಬೆಳಿಗ್ಗೆ ನಾಲ್ಕು ತಂತಿ, ಒಂದು ಕಮಾನು. ಉಸಿರು ಬಿಡುತ್ತಾ ಎಳೆಯುವುದು. ದವಡೆ ಬಿಗಿಯಾದರೆ ನಿಲ್ಲಿಸುವುದು, ಮತ್ತೆ ಶುರು ಮಾಡುವುದು. ನಾಲ್ಕು ದಿನಕ್ಕೊಮ್ಮೆ ನರ್ಸಮ್ಮ ಬಂದು ಕಟ್ಟು ಬದಲಿಸುತ್ತಿದ್ದರು. ಒಂದು ಬೆಳಿಗ್ಗೆ ಅವರು ಪಾಳಿ ಮುಗಿಸಿ ಬೇಗ ಬಂದಿದ್ದರು. ಬಾಗಿಲಲ್ಲೇ ನಿಂತು ಕೇಳಿದರು. "ಇದೇನು, ಹೊಸ ಪಿಟೀಲು ತಂದ್ರಾ?" ಎಂದು ಅವನ ಹೆಂಡತಿಯನ್ನು ಕೇಳಿದರಂತೆ. ಆ ದಿನ ಅವನು ಹಲ್ಲು ಜೋಡಿಸುತ್ತಾ ಶಿಳ್ಳೆ ಹಾಕುತ್ತಿದ್ದ ಎಂದು ಔಷಧದಂಗಡಿಯವರು ಹೇಳಿದರು.

ಬೆರಳು ವಾಸಿಯಾಗಿ ಮೂರು ವಾರಕ್ಕೆ ಕಛೇರಿ. ಕೂರುವ ಮೊದಲು, "ನಡುಗಿದ್ರೆ ನಡುಗಲಿ. ಎತ್ತಲ್ಲ" ಎಂದು ಹೇಳಿದ. ನನಗೋ ತನಗೋ, ಗೊತ್ತಿಲ್ಲ. ಈ ಸಲವೂ ಅದೇ ಮೂರನೆಯ ಹಾಡು ಬಂತು. ಓಡುವ ಸಾಲಿನ ಮೊದಲು ಅವನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಮೇಲೆ ನನ್ನ ಎಡಕಿವಿಗೆ ಒಂದು ಪಿಟೀಲಿನ ದನಿ ಬಿತ್ತು. ದೊಡ್ಡ ದನಿಯಲ್ಲ, ಒಂಚೂರು ಒರಟೂ ಇತ್ತು. ಆದರೆ ನಮ್ಮ ಜೊತೆ ಜೊತೆಗೇ ಓಡಿತು. ಎರಡನೆಯ ಸಾಲಿನ ಕೊನೆಯಲ್ಲಿ ಒಂದು ಸ್ವರ ಜಾರಿತು. ಅವನು ನಿಲ್ಲಲಿಲ್ಲ. ಪುಟ ಮಗುಚುವುದನ್ನೇ ಮರೆತ, ನಾನೇ ಮಗುಚಿದೆ. ಮುಗಿದಾಗ ಅವನ ಅಂಗಿಯ ಬೆನ್ನು ತೊಯ್ದು ಹೋಗಿತ್ತು. ಟೀಚರ್ ಏನಾದರೂ ಅಂದಾರು ಎಂದು ನೋಡಿದೆ. ಅವರು ಮುಂದಿನ ಹಾಡಿನ ಹಾಳೆ ತೆಗೆಯುತ್ತಿದ್ದರು.

ಇದಾಗಿ ಆರು ವರ್ಷವಾಯಿತು. ಹಲ್ಲಣ್ಣ ದೊಡ್ಡ ವಿದ್ವಾಂಸನೇನೂ ಆಗಿಲ್ಲ. ಈಗಲೂ ಎರಡನೆಯ ಸಾಲಿನಲ್ಲೇ ಕೂರುತ್ತಾನೆ, ನಾನೂ ಅಲ್ಲೇ. ನರ್ಸಮ್ಮ ನಿವೃತ್ತರಾಗಿ ತಮ್ಮನ ಮನೆಗೆ ಹೋದರು. ಕೆಳಮನೆ ಸುಮಾರು ದಿನ ಖಾಲಿಯಿತ್ತು. ಯಾವ ಹೊತ್ತಿಗೆ ಬೇಕಾದರೂ ನುಡಿಸಬಹುದಿತ್ತು, ಅವನು ಹೊತ್ತು ಬದಲಿಸಲಿಲ್ಲ. ಜ್ವರ ಬಂದ ದಿನ ಹತ್ತು ನಿಮಿಷಕ್ಕೆ ಇಳಿಸುತ್ತಾನೆ, ಊರಿಗೆ ಹೋದರೆ ಬಿಡುತ್ತಾನೆ, ಬಂದ ಮಾರನೆಯ ದಿನ ಮತ್ತೆ ಹಿಡಿಯುತ್ತಾನೆ. ಬಿಟ್ಟುಹೋದ ದಿನಗಳಿಗೆ ಒಟ್ಟಿಗೆ ಗಂಟೆಗಟ್ಟಲೆ ಕೂತು ದಂಡ ಕಟ್ಟುವ ಹಳೆಯ ಚಾಳಿ ಹೋಗಿದೆ.

ಹೋದ ವರ್ಷ ಟೀಚರ್ ಒಂದು ನಿಧಾನದ ಹಾಡು ತಂದರು. ಅದರಲ್ಲಿ ನಾಲ್ಕು ಸಾಲು ಒಬ್ಬರೇ ನುಡಿಸಬೇಕು. ಹೇಳದೆ ಕೇಳದೆ ಆ ಹಾಳೆಯನ್ನು ಅವನ ಮುಂದಿಟ್ಟರು. ಹನ್ನೊಂದು ವಾರ ಅವನು ಆ ನಾಲ್ಕು ಸಾಲಿನ ಜೊತೆ ಇದ್ದ. ಕಛೇರಿಯ ದಿನ ಅದನ್ನು ನುಡಿಸಿದಾಗ ಗ್ರಂಥಾಲಯದ ಫ್ಯಾನು ತಿರುಗುವುದು ಕೇಳಿಸುತ್ತಿತ್ತು, ಅಷ್ಟು ನಿಶ್ಶಬ್ದ. ಕೊನೆಯ ಸ್ವರ ಪೂರ್ತಿ ಆರುವವರೆಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಾರನೆಯ ಬೆಳಿಗ್ಗೆ ಆರಕ್ಕೆ ಎದ್ದನಂತೆ. ಹೆಂಡತಿ ಹೊದಿಕೆಯೊಳಗಿಂದಲೇ, "ನಿನ್ನೆ ತಾನೆ ಮುಗೀತಲ್ಲ ರೀ, ಇವತ್ತಾದ್ರೂ ಮಲಗಿ" ಅಂದಳು.

"ನಿನ್ನೆ ಮೂರನೇ ಸಾಲಿನಲ್ಲಿ ಒಂದು ಕಡೆ ಸ್ವರ ಮುಗಿಯೋ ಮೊದಲೇ ಕಮಾನಿನ ಉದ್ದ ಮುಗಿದುಹೋಯ್ತು ಕಣೇ" ಎಂದ. "ಅದೊಂಚೂರು ನೋಡಿ ಬರ್ತೀನಿ."

ಅವಳು ಎದ್ದು ಸ್ವೆಟರು ಹಾಕಿಕೊಂಡು ಹೋಗಿ ಸಾಮಾನಿನ ಕೋಣೆಯ ಬಾಗಿಲಲ್ಲಿ ಮಣೆ ಹಾಕಿ ಕೂತಳು. ಸಿಪ್ಪೆ ಬಿಡಿಸಲು ಒಂದು ಬುಟ್ಟಿ ಬಟಾಣಿ ತಂದಿದ್ದಳು. ಅವನು ಆ ಒಂದು ಸಾಲನ್ನೇ ನಿಧಾನವಾಗಿ ಎಳೆಯುತ್ತಿದ್ದ, ಅವಳು ಕಾಯಿ ಬಿಡಿಸುತ್ತಿದ್ದಳು. ಬುಟ್ಟಿ ಮುಗಿದರೂ ಇಬ್ಬರೂ ಏಳಲಿಲ್ಲವಂತೆ.